ನೀರಿನ ಕಂಪ್ಯೂಟರಿಗೆ ಬಿ.ಪಿ. ನೋಡಿದ್ದು

ಕಂಪ್ಯೂಟರಿನೊಳಗೆ ಕೆಂಪು ಹನಿಯೊಂದು ಕೂತಿರುವುದನ್ನು ನಾನು ಕಂಡದ್ದು ಬೇಸಿಗೆಯ ಒಂದು ಮಧ್ಯಾಹ್ನ, ಊಟಕ್ಕೆಂದು ಕುರ್ಚಿ ಬಿಟ್ಟು ಏಳುವಾಗ. ಆ ಪೆಟ್ಟಿಗೆಯ ಒಂದು ಪಕ್ಕಕ್ಕೆ ಗಾಜಿನ ಬಾಗಿಲು. ಒಳಗೆ ಅಡ್ಡ ಮಲಗಿದ್ದ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ ಜೋಳದ ಕಾಳಿನಷ್ಟು ಹನಿ ಹೊಳೆಯುತ್ತಿತ್ತು. ಮೊದಲು ಒಳಗಿನ ದೀಪದ ಬೆಳಕೆಂದುಕೊಂಡೆ. ಬಾಗಿ ನೋಡುವಷ್ಟರಲ್ಲಿ ಮೇಲಿನ ಕೊಳವೆಯ ಬಾಗಿನಿಂದ ಇನ್ನೊಂದು ಹನಿ ಜಾರಿ ಅದರ ಪಕ್ಕದಲ್ಲೇ ಬಿತ್ತು. ಮಾಡಿದ ಕೆಲಸ ಉಳಿಸಬೇಕೆಂಬ ಯೋಚನೆಯೂ ಬರಲಿಲ್ಲ. ಗೋಡೆಯ ಸ್ವಿಚ್ಚನ್ನು ಒತ್ತಿಬಿಟ್ಟೆ.

ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿನ ಪ್ಯಾಟರ್ನ್ ಬರೆಯುವ ಕೆಲಸ ನನ್ನದು. ಒಂದು ಸೈಜಿನ ಪ್ಯಾಂಟಿನ ತುಂಡುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಅದನ್ನೇ ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜುಗಳನ್ನು ಮಾಡಿ, ಉದ್ದನೆಯ ಕಾಗದದ ಮೇಲೆ ಗೆರೆ ಎಳೆಸಿ ಕಟಿಂಗ್ ಟೇಬಲ್ಲಿಗೆ ಕೊಡಬೇಕು. ನಾನು ಹುಟ್ಟಿದ್ದು ಮಡಕಶಿರಾ ಕಡೆ, ಗುಡಿಬಂಡೆ ಹತ್ತಿರದ ಹಳ್ಳಿಯಲ್ಲಿ. ಈ ವಿದ್ಯೆ ಕಲಿತದ್ದು ಬೆಂಗಳೂರಿನ ಗಾರ್ಮೆಂಟಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗ ಈ ಊರಲ್ಲಿ ಅದು ಬೇಕಾದವರು ಹೆಚ್ಚಿರಲಿಲ್ಲ. ಬೇಕು ಎಂದವರು ನಮ್ಮ ಯೂನಿಟ್ಟಿನ ಮಾಲಕರು ಒಬ್ಬರೇ.

ಆ ಕಂಪ್ಯೂಟರನ್ನು ತಂದವರೂ ಅವರೇ. ಬೆಂಗಳೂರಿನಲ್ಲಿ ಹುಡುಗರು ಗೇಮ್ ಆಡುವ ಅಂಗಡಿಯೊಂದು ಮುಚ್ಚುತ್ತಿದ್ದಾಗ ಹೋಗಿ, ಮಗುವನ್ನು ಎತ್ತಿಕೊಂಡು ಬಂದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಹೊಲಿಯುವ ಮೊದಲೇ ಪ್ಯಾಂಟು ತೊಟ್ಟ ಗೊಂಬೆಯನ್ನು ಪರದೆಯ ಮೇಲೆ ತಿರುಗಿಸಿ ಆರ್ಡರು ಕೊಡುವ ಪಾರ್ಟಿಗಳಿಗೆ ತೋರಿಸಬೇಕೆಂಬ ಆಸೆ ಅವರದು. ಅದಕ್ಕೆ ಬಲವಾದ ಯಂತ್ರ ಬೇಕು. ಬಲವಾದ ಯಂತ್ರ ಕಾಯುತ್ತದೆ. ಕಾದದ್ದನ್ನು ತಣ್ಣಗೆ ಮಾಡಲು ಇದರಲ್ಲಿ ಫ್ಯಾನಿನ ಜೊತೆಗೆ ನೀರೂ ಇತ್ತು. ಕೈಬೆರಳಿನ ದಪ್ಪದ ಕೊಳವೆಗಳಲ್ಲಿ ಕೆಂಪು ನೀರು ಓಡಾಡಿ, ಬಿಸಿಯಾದ ಚಿಪ್‌ಗಳ ಮೇಲಿನ ತಾಮ್ರದ ಬಿಲ್ಲೆಗಳನ್ನು ಮುಟ್ಟಿ, ಅಲ್ಲಿಂದ ರೇಡಿಯೇಟರಿಗೆ ಹೋಗಿ ಆರಿ, ಉದ್ದ ಲೋಟದಂಥ ಒಂದು ಟ್ಯಾಂಕಿಗೆ ಮರಳುತ್ತಿತ್ತು. ಹೊಲಿಗೆ ಸಾಲಿನ ಹೆಂಗಸರು ಅದಕ್ಕೆ ಶರಬತ್ತಿನ ಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಮಾಲಕರಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ, ಟ್ಯಾಂಕಿನಲ್ಲಿ ನೀರು ಇಳಿದರೆ ಬೇರೆ ಯಾರಿಗೂ ಮುಟ್ಟಲು ಬಿಡದೆ ತಾವೇ ಸ್ನಾನ ಮಾಡಿ ಬಂದು ತುಂಬುತ್ತಿದ್ದರು.

ಸೋರಿದ ದಿನ ನನ್ನ ಕೈಯಲ್ಲಿದ್ದದ್ದು ಬಳ್ಳಾರಿಯ ಒಂದು ಪಾರ್ಟಿಯ ಆರ್ಡರು. ಹೆಣ್ಣುಮಕ್ಕಳ ಜೀನ್ಸು, ಹೊಸ ಫಿಟ್ಟಿಂಗು. ನಮ್ಮ ಯೂನಿಟ್ಟು ಅಲ್ಲಿಯವರೆಗೆ ಗಂಡಸರ ಪ್ಯಾಂಟು ಬಿಟ್ಟು ಬೇರೆ ಮಾಡಿರಲಿಲ್ಲ. ಸೋಮವಾರ ಅವರ ಕಡೆಯವರು ಬಂದು ಎಲ್ಲ ಸೈಜಿನ ಕಟಿಂಗ್ ನೋಡುವುದು, ಒಪ್ಪಿದರೆ ಮಳೆಗಾಲ ಪೂರ್ತಿ ಕೆಲಸ ಎಂದು ಮಾತಾಗಿತ್ತು. ಹಿಂದಿನ ವರ್ಷ ಮಳೆಗಾಲದಲ್ಲಿ ಕೆಲಸವಿಲ್ಲದೆ ನಮ್ಮ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬೆಂಗಳೂರಿನ ಬಸ್ಸು ಹತ್ತಿದ್ದರು. ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಹೋದವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಮದುವೆಗೆ ಮೊದಲು ನಾನೂ ಹಾಗೆ ಬಸ್ಸು ಹತ್ತಿದ್ದವಳೇ. ಹತ್ತು ಜನ ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಮಲಗುವುದು ಏನೆಂದು ನನಗೆ ಗೊತ್ತಿತ್ತು.

ಅಲ್ಲಿಯವರೆಗೆ ಮಾಡಿದ ಸೈಜುಗಳೆಲ್ಲ ಆ ಪೆಟ್ಟಿಗೆಯೊಳಗೇ ಇದ್ದವು. ಬಿಲ್ಲು ಬರೆಯುವ ಹಳೆಯ ಕಂಪ್ಯೂಟರಿನಲ್ಲಿ ಪ್ಯಾಟರ್ನಿನ ಸಾಫ್ಟ್‌ವೇರು ತೆರೆದುಕೊಳ್ಳುವುದೇ ಇಲ್ಲ.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಬಂದು ಗಾಜಿನ ಬಾಗಿಲು ತೆಗೆದು ಒಳಗೆ ಇಣುಕಿದರು. ನೀರು, ಕರೆಂಟು ಒಂದೇ ಪೆಟ್ಟಿಗೆಯಲ್ಲಿರುವುದನ್ನು ತಾವು ಕಂಡಿಲ್ಲ, ಕೈ ಹಾಕಿ ಕೆಡಿಸುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಹೋಗುವ ಮೊದಲು ಒಂದು ಉಪಕಾರ ಮಾಡಿದರು. ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗನ್ನು ಕಿತ್ತು, ಅದರ ಹಸಿರು ವೈರಿನ ತೂತಿಗೂ ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಪಿನ್ನೊಂದನ್ನು ಸಿಕ್ಕಿಸಿ ತೋರಿಸಿದರು. ಹಾಗೆ ಮಾಡಿದರೆ ನೀರಿನ ಪಂಪು ಮಾತ್ರ ತಿರುಗುತ್ತದೆ, ಬೋರ್ಡಿಗೆ ಕರೆಂಟು ಹೋಗುವುದಿಲ್ಲ. ಎಲ್ಲಿ ಸೋರುತ್ತದೆಂದು ಭಯವಿಲ್ಲದೆ ಹುಡುಕಬಹುದು.

ಪ್ಯಾಂಟಿನ ಜೇಬಿನೊಳಗೆ ಹಾಕುವ ಬಿಳಿ ಬಟ್ಟೆಯ ಚೂರುಗಳು ನಮ್ಮಲ್ಲಿ ರಾಶಿ ಬಿದ್ದಿರುತ್ತವೆ. ಕೊಳವೆ ಕೂಡುವ ಒಂದೊಂದು ಕೀಲಿಗೂ ಒಂದೊಂದು ಚೂರು ಸುತ್ತಿ ದಾರ ಕಟ್ಟಿದೆ. ಕೆಂಪು ನೀರು ಬಿಳಿ ಬಟ್ಟೆಗೆ ಮುಟ್ಟಿದರೆ ಸಾಕು, ಜಾಗ ತಿಳಿಯುತ್ತದೆ ಎಂದು ಲೆಕ್ಕ. ಕಾರ್ಡನ್ನು ಒರೆಸಿ, ಟೇಬಲ್ ಫ್ಯಾನಿನ ಮುಂದೆ ಒಣಗಿಸಿ, ಪಂಪು ಹಾಕಿದೆ. ಸಂಜೆಯವರೆಗೆ ನೀರು ಓಡಿತು. ಬಟ್ಟೆ ಒಂದೂ ಕೆಂಪಾಗಲಿಲ್ಲ.

ಹನಿ ಬಿದ್ದದ್ದು ಕಾರ್ಡಿನ ಮೇಲಿನ ಕೊಳವೆಯಿಂದ ತಾನೇ, ಕಾರ್ಡಿಗೆ ಕೊಳವೆ ಸೇರುವ ಕೀಲೇ ಸಡಿಲ ಇರಬೇಕು ಎಂದುಕೊಂಡೆ. ಅದನ್ನು ಬಿಚ್ಚಿ, ಒಳಗಿನ ರಬ್ಬರ್ ರಿಂಗನ್ನು ಒರೆಸಿ, ಕೈಯಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟು ಬಿಗಿ ಮಾಡಿದೆ. ಮರುದಿನ ಬಟ್ಟೆಚೂರುಗಳನ್ನು ಬಿಚ್ಚಿ, ಬೋರ್ಡಿಗೆ ಪ್ಲಗ್ಗು ಹಾಕಿ ಕೆಲಸಕ್ಕೆ ಕೂತೆ. ಗೊಂಬೆ ತಿರುಗಿತು, ಸೈಜುಗಳು ಬಂದವು. ಊಟದ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಹನಿ. ಮತ್ತೆ ಸ್ವಿಚ್ಚು. ಕಾರ್ಡು ಒಮ್ಮೆ ಬದುಕಿದ್ದೇ ಪುಣ್ಯ, ಇನ್ನೊಮ್ಮೆ ಬದುಕುತ್ತದೆಂದು ಯಾರು ಹೇಳಬೇಕು.

ನಮ್ಮ ಕಟಿಂಗ್ ಮಾಸ್ಟರ್ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ನೇಮಕಲ್ಲಿನ ಕಡೆಯವರು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕತ್ತರಿ ಹಿಡಿದವರು. ನಾನು ಬರುವ ಮೊದಲು ಪ್ಯಾಟರ್ನ್ ಬರೆಯುತ್ತಿದ್ದದ್ದು ಅವರೇ, ಖಾಕಿ ಕಾಗದದ ಮೇಲೆ, ಸೀಮೆಸುಣ್ಣದಲ್ಲಿ. ನಾನು ಬಂದ ಮೇಲೆ ಅವರಿಗೆ ಉಳಿದದ್ದು ಬಟ್ಟೆ ಹಾಸಿ ಕತ್ತರಿಸುವುದು. ಅದಕ್ಕಾಗಿ ನನ್ನ ಮೇಲೆ ಮುನಿಸು ತೋರಿಸಿದವರಲ್ಲ. ಆದರೆ ನನ್ನ ಕೋಣೆಯೊಳಗೆ ಮಾತ್ರ ಯಾವತ್ತೂ ಕಾಲಿಟ್ಟಿರಲಿಲ್ಲ. ಕಾಲಿಗೆ ಬಟ್ಟೆ ಧೂಳು ಐತವ್ವ ಎಂದು ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಆ ದಿನ ನಾನು ಡಬ್ಬಿ ತೆರೆಯದೆ ಕೂತದ್ದನ್ನು ಕಂಡು, ಎದ್ದು ಬಾ, ಮನಿಗೆ ಹೋಗಿ ಉಂಡು ಬರೋಣ ಎಂದು ಹೊರಡಿಸಿದರು.

ಅವರ ಮನೆ ಎರಡು ಬೀದಿಯಾಚೆ. ಮಾಸ್ಟರ ಹೆಂಡತಿಗೆ ಬಿ.ಪಿ. ಇತ್ತು. ಎದುರು ಮನೆಯ ನರ್ಸಮ್ಮ ಊಟಕ್ಕೆ ಬಂದಾಗ ಒಮ್ಮೊಮ್ಮೆ ಬಂದು ನೋಡಿ ಹೋಗುತ್ತಿದ್ದರು. ನಾವು ಹೋದಾಗ ಅದೇ ನಡೆದಿತ್ತು. ತೋಳಿಗೆ ಪಟ್ಟಿ ಸುತ್ತಿ, ನರ್ಸಮ್ಮ ರಬ್ಬರಿನ ಉಂಡೆಯನ್ನು ಅದುಮಿ ಅದುಮಿ ಗಾಳಿ ತುಂಬಿದರು. ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಮೇಲೇರಿತು. ಮಾಸ್ಟರ ಹೆಂಡತಿ ಅಷ್ಟರಲ್ಲಿ ನನ್ನ ಕಡೆ ತಿರುಗಿ, ಯಾಕ ಬಡಕಲಾಗಿದೀ ಎಂದು ಮಾತಿಗೆ ಶುರು ಮಾಡಿದ್ದರಿಂದ ನರ್ಸಮ್ಮ ಗಾಳಿ ಬಿಡದೆ ಕಾದರು. ಮುಳ್ಳು ಅಲ್ಲೇ ನಿಂತಿತ್ತು. ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಮುಳ್ಳು ಇಳಿಯುವುದಿಲ್ಲ.

ನಾನು ಅನ್ನ ಕಲಸುತ್ತಾ ಅದನ್ನೇ ಯೋಚಿಸಿದೆ. ಕೊಳವೆಗಳಲ್ಲಿ ನೀರಿನ ಬದಲು ಗಾಳಿ ತುಂಬಿ ನೋಡಿದರೆ ಹೇಗೆ? ಗಾಳಿ ಸೋರಿದರೆ ಕಾರ್ಡಿಗೆ ಏನೂ ಆಗುವುದಿಲ್ಲ. ಎಲ್ಲೇ ಸಣ್ಣ ದಾರಿಯಿದ್ದರೂ ಮುಳ್ಳು ಹೇಳುತ್ತದೆ. ನರ್ಸಮ್ಮನನ್ನು ಕೇಳಿದಾಗ, ಯಾರಿಗೆ ನೋಡ್ಬೇಕು ಎಂದರು. ಕಂಪ್ಯೂಟರಿಗೆ ಎಂದೆ. ಅವರು ಮಾಸ್ಟರ ಮುಖ ನೋಡಿದರು. ಮಾಸ್ಟರು ನಗದೆ, ಹೌದ್ರಿ, ಪಾಪ ಅದಕ್ಕೂ ಆರಾಮಿಲ್ಲ ಎಂದರು. ಬೆಳಿಗ್ಗೆ ಡ್ಯೂಟಿಗೆ ಬೇಕು, ಅಷ್ಟರೊಳಗೆ ತಂದುಕೊಡಿ ಎಂದು ನರ್ಸಮ್ಮ ಕೊಟ್ಟರು.

ಟ್ಯಾಂಕಿನ ತಳದ ತೂತಿನಿಂದ ನೀರೆಲ್ಲ ಬಕೆಟ್ಟಿಗೆ ಇಳಿಸಿ, ತೂತನ್ನು ಮತ್ತೆ ಬಿಗಿಯಾಗಿ ಮುಚ್ಚಿದೆ. ಟ್ಯಾಂಕಿನ ತಲೆಯ ಮೇಲೆ ನೀರು ತುಂಬುವ ತೂತಿಗೆ ತಿರುಗಿಸಿ ಹಾಕುವ ಮುಚ್ಚಳವಿತ್ತು. ಅದನ್ನು ತೆಗೆದು, ಕಂಪ್ಯೂಟರಿನ ಜೊತೆ ಚೀಲದಲ್ಲಿ ಬಂದಿದ್ದ, ಕೊಳವೆ ಸಿಕ್ಕಿಸುವ ಒಂದು ಮೂತಿಯನ್ನು ಅಲ್ಲಿ ಕೂರಿಸಿದೆ. ತೋಳಿನ ಪಟ್ಟಿಯಿಂದ ರಬ್ಬರ್ ಕೊಳವೆ ಬಿಡಿಸಿ ಆ ಮೂತಿಗೆ ಸಿಕ್ಕಿಸಿ ಉಂಡೆ ಅದುಮಿದೆ. ಮುಳ್ಳು ಇನ್ನೂರರ ಹತ್ತಿರ ಹೋಗಿ ನಿಂತಿತು. ಹೊಲಿಗೆ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಬಂದು ಹಿಂದೆ ನಿಂತರು. ಮಾಲಕರೂ ಬಂದರು. ಟೀ ಬಂತು, ಟೀ ಕುಡಿದದ್ದೂ ಆಯಿತು. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಮಾಲಕರ ಮುಖ ಅರಳಿತು. ಸೋರುವುದು ಎಲ್ಲಿಯೂ ಇಲ್ಲ, ನೀನು ನಿನ್ನೆ ಬಿಗಿ ಮಾಡಿದ್ದು ಈಗ ಕೂತಿದೆ, ನೀರು ತುಂಬಿ ಕೆಲಸ ಶುರು ಮಾಡು ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದು ಶುಕ್ರವಾರ. ಸೋಮವಾರ ಪಾರ್ಟಿಯವರು ಬರುತ್ತಾರೆ. ಅರ್ಧದಷ್ಟು ಸೈಜುಗಳು ಇನ್ನೂ ಬಾಕಿ. ಆದರೆ ಕೀಲು ಬಿಗಿ ಮಾಡಿದ ಮೇಲೆಯೇ ಎರಡನೇ ಸಲ ಹನಿ ಬಿದ್ದದ್ದು. ಕಣ್ಣಾರೆ ಕಂಡ ನೀರನ್ನು ಮುಳ್ಳು ಇಲ್ಲ ಅಂದರೆ ತಪ್ಪು ನೀರಿನದಲ್ಲ, ನಾನು ಪರೀಕ್ಷೆ ಮಾಡಿದ ರೀತಿಯಲ್ಲಿದೆ. ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಮಾಲಕರಿಗೆ ಅಲ್ಲಿಯವರೆಗೆ ನಾನು ಇಲ್ಲ ಎಂದದ್ದಿಲ್ಲ.

“ಹಾಕಾಕಿಲ್ಲ ಸಾರ್” ಅಂದೆ. “ಎಲ್ಲಿ ಸೋರ್ತೈತೆ ಅಂತ ಗೊತ್ತಾಗೋಗಂಟ ನಾನು ಕರೆಂಟ್ ಹಾಕಾಕಿಲ್ಲ. ಇನ್ನೊಂದು ಹನಿ ಬಿದ್ರೆ ಎಲ್ಲಾ ಹೋಗ್ಬಿಡ್ತೈತೆ.”

“ಸೋಮವಾರ ಅವರಿಗೆ ಏನು ತೋರಿಸ್ಲಮ್ಮ?”

ಹಿಂದೆ ನಿಂತಿದ್ದ ಮಾಸ್ಟರು ಕೆಮ್ಮಿದರು.

“ಉಳಿದ ಸೈಜು ನಾನು ಕೈಲೆ ತೆಗಿತೀನ್ರಿ. ಹೆಣ್ಮಕ್ಕಳ ಅಳತಿ ನಂಗ ಅಷ್ಟು ರೂಢಿಲ್ಲ. ಈಕಿ ಬಾಜೂಕ ಇದ್ರ ಆಗ್ತೈತಿ.”

ಮಾಲಕರು ಕಂಪ್ಯೂಟರನ್ನೂ ನಮ್ಮಿಬ್ಬರನ್ನೂ ನೋಡಿದರು. ಪರ್ವಾಲೇದು, ಅಡ್ಡಿಯಿಲ್ಲ, ಹಂಗೇ ಮಾಡ್ರಿ ಎಂದು ಹೊರಗೆ ಹೋದರು.

ಪ್ರತಿ ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿ ಬರುವ ಮಾಸ್ಟರು ಆ ಶನಿವಾರ ಹೋಗಲಿಲ್ಲ. ಬಿ.ಪಿ. ಯಂತ್ರವನ್ನು ಬೆಳಿಗ್ಗೆಯೇ ಕೊಟ್ಟು ಬಂದಿದ್ದೆ. ಕಟಿಂಗ್ ಟೇಬಲ್ಲಿನ ಮೇಲೆ ಖಾಕಿ ಕಾಗದ ಉದ್ದಕ್ಕೆ ಹಾಸಿ, ಮೊದಲೇ ತೆಗೆದಿದ್ದ ಸೈಜಿನ ಕಾಗದವನ್ನು ಅದರ ಮೇಲಿಟ್ಟು, ನಾನು ಟೇಪಿನ ಒಂದು ತುದಿ ಹಿಡಿದೆ, ಅವರು ಇನ್ನೊಂದು. ನಡು, ಸೊಂಟ, ತೊಡೆ, ಮೊಣಕಾಲು. ಎಲ್ಲಿ ಎಷ್ಟು ಕೂಡಬೇಕೆಂದು ನಾನು ಹೇಳಿದರೆ ಅವರು ಗುರುತು ಹಾಕಿ, ಮುಂಗೈಯನ್ನು ಕಾಗದಕ್ಕೆ ಊರಿ ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತಿದ್ದರು. ಕಂಪ್ಯೂಟರಿನಲ್ಲಿ ನಾನು ಚುಕ್ಕೆ ಚುಕ್ಕೆ ಜರುಗಿಸಿ ತರುವ ಸೊಂಟದ ಬಾಗು ಅವರ ಮುಂಗೈಯಲ್ಲೇ ಇತ್ತು. ಇದನ್ನು ಪಕ್ಕದಲ್ಲಿ ನಿಂತು ನೋಡುವ ಕೆಲಸ ನನಗೆ ಅದುವರೆಗೆ ಬಿದ್ದಿರಲಿಲ್ಲ. ಅವರು ಹೇಳದೆಯೇ ಸೀಮೆಸುಣ್ಣ ಚೂಪು ಮಾಡಿ ಕೊಡುವಷ್ಟು ಮಟ್ಟಿಗೆ ನಾನು ಅದರಲ್ಲಿ ಮುಳುಗಿಬಿಟ್ಟೆ.

ಕಾಗದ ಫ್ಯಾನಿನ ಗಾಳಿಗೆ ಏಳುತ್ತಿತ್ತು. ಮಾಸ್ಟರು ಕೈಗೆ ಸಿಕ್ಕ ಸಾಮಾನನ್ನೆಲ್ಲ ಅಂಚಿಗೆ ಹೇರುತ್ತಿದ್ದರು: ಕತ್ತರಿ, ಬೀಗ, ಚಹದ ಲೋಟ. ಹಿಂದಿನ ದಿನ ನಾನು ಏಪ್ರನ್ನಿನ ಜೇಬಿನಿಂದ ತೆಗೆದು ಟೇಬಲ್ಲಿನ ಮೂಲೆಯಲ್ಲಿ ಇಟ್ಟು ಮರೆತಿದ್ದ ಒಂದು ಸಣ್ಣ ಲೋಹದ ಬಿಲ್ಲೆಯನ್ನೂ ಎತ್ತಿಕೊಂಡು, ಇದು ಯಾವುದರದವ್ವ, ತೂಕಕ್ಕ ಸಾಲಂಗಿಲ್ಲ ಎಂದರು.

ಅದು ಟ್ಯಾಂಕಿನ ಮುಚ್ಚಳ.

ಗಾಳಿ ತುಂಬುವ ಮೂತಿ ಕೂರಿಸಲು ನಾನೇ ಬಿಚ್ಚಿದ್ದ ಮುಚ್ಚಳ. ಎಲ್ಲ ಕೀಲುಗಳೂ ಗಾಳಿಯ ಪರೀಕ್ಷೆಯಲ್ಲಿದ್ದವು, ಇದೊಂದು ಮಾತ್ರ ನನ್ನ ಜೇಬಿನಲ್ಲಿತ್ತು. ಮುಳ್ಳು ಸುಳ್ಳು ಹೇಳಿರಲಿಲ್ಲ. ಉಳಿದದ್ದೆಲ್ಲ ಸರಿಯಾಗಿದೆ ಎಂದೇ ಹೇಳಿತ್ತು.

ನರ್ಸಮ್ಮ ಡ್ಯೂಟಿ ಮುಗಿಸಿ ಬರುವುದನ್ನೇ ಕಾದು ಯಂತ್ರ ಮತ್ತೆ ತಂದೆವು. ಈ ಸಲ ಮುಚ್ಚಳವನ್ನು ಅದರ ಜಾಗದಲ್ಲಿ ತಿರುಗಿಸಿ, ಗಾಳಿಯ ಮೂತಿಯನ್ನು ಟ್ಯಾಂಕಿನ ತಳದ ತೂತಿಗೆ ಹಾಕಿದೆ. ಉಂಡೆ ಅದುಮಿ ಬಿಟ್ಟೆ. ಮುಳ್ಳು ಮೇಲೇರಿ, ಒಂದು ಕ್ಷಣ ನಿಂತು, ಮೆಲ್ಲಗೆ ಇಳಿಯತೊಡಗಿತು. ಮಾಸ್ಟರು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಕೊಟ್ಟರು. ಮುಚ್ಚಳದ ಸುತ್ತ ಸವರಿದೆ. ಒಂದೇ ಒಂದು ಬದಿಯಲ್ಲಿ, ಎಳೆಗೂಸಿನ ತುಟಿಯಲ್ಲಿ ಬರುವ ಜೊಲ್ಲಿನ ಗುಳ್ಳೆಯಂಥದು ಎದ್ದು ಒಡೆಯಿತು. ಮತ್ತೆ ಎದ್ದಿತು.

ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆವು. ಅದರ ರಬ್ಬರ್ ರಿಂಗು ಚಪ್ಪಟೆಯಾಗಿತ್ತು. ರಿಂಗಿನ ಮೇಲೆ ಅಡ್ಡಲಾಗಿ ಜೀನ್ಸಿನ ಒಂದು ನೀಲಿ ನೂಲೆಳೆ ಅಂಟಿಕೊಂಡಿತ್ತು. ನಮ್ಮ ಯೂನಿಟ್ಟಿನ ಗಾಳಿಯಲ್ಲಿ ಅಂಥ ಎಳೆಗಳು ಯಾವಾಗಲೂ ಹಾರಾಡುತ್ತವೆ, ನಮ್ಮ ಹುಬ್ಬಿನಲ್ಲೂ ಊಟದ ಡಬ್ಬಿಯಲ್ಲೂ ಸಿಗುತ್ತವೆ. ಆ ಎಳೆಯ ಪಕ್ಕದ ಸಂದಿಯೇ ದಾರಿ. ನೀರು ತಣ್ಣಗಿದ್ದಾಗ ಅಲ್ಲಿಂದ ಹೊರಡುತ್ತಿರಲಿಲ್ಲ. ಕಂಪ್ಯೂಟರು ದುಡಿದು ನೀರು ಬಿಸಿಯಾದಾಗ ಹಿಗ್ಗುತ್ತಿತ್ತು, ಟ್ಯಾಂಕು ಕಂಠದವರೆಗೆ ತುಂಬಿದ್ದರಿಂದ ಹಿಗ್ಗಲು ಜಾಗವಿಲ್ಲದೆ ಮುಚ್ಚಳದ ಕಡೆಗೆ ನುಗ್ಗುತ್ತಿತ್ತು. ಹೊರಬಿದ್ದ ಹನಿ ಅಲ್ಲೇ ಬೀಳದೆ ಟ್ಯಾಂಕಿನ ಮೈಗುಂಟ, ಕೊಳವೆಯ ಹೊಟ್ಟೆಗುಂಟ ಇಳಿದು, ಬಾಗಿನಲ್ಲಿ ಕಾರ್ಡಿನ ಮೇಲೆ ಉದುರುತ್ತಿತ್ತು. ಟಾರ್ಚು ಹಾಕಿ ನೋಡಿದರೆ ಕೊಳವೆಯ ಕೆಳಬದಿಯಲ್ಲಿ ತೆಳ್ಳಗೆ ಒಣಗಿದ ಕೆಂಪು ಗೆರೆ ಉದ್ದಕ್ಕೂ ಇತ್ತು. ಬಿದ್ದ ಜಾಗವನ್ನೇ ನೋಡುತ್ತಾ, ಹೊರಟ ಜಾಗವನ್ನು ನಾನು ಹುಡುಕಿಯೇ ಇರಲಿಲ್ಲ.

ಟ್ಯಾಂಕನ್ನು ಕಂಠದವರೆಗೆ ತುಂಬುತ್ತಿದ್ದವರು ಯಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹೇಳುವುದು ಹೇಗೆಂದು ನಾನು ಒದ್ದಾಡುತ್ತಿರುವಾಗ ಮಾಲಕರೇ ಬಂದರು. ಮಾಸ್ಟರು ಅವರಿಗೆ ಹೊಲಿಗೆಯ ಮಾತಿನಲ್ಲೇ ಹೇಳಿದರು.

“ಪ್ಯಾಂಟಿಗೆ ಕುಂತು ಏಳಾಕ ಒಂದಿಷ್ಟು ಸಡ್ಲ ಬಿಡ್ತೀವಲ್ರಿ, ಇದಕ್ಕೂ ಬಿಡ್ಬೇಕಂತ. ಪ್ರೀತಿಲೆ ಹೆಚ್ಚು ತುಂಬಿದ್ರ ಹೊಲಿಗಿ ಬಿಡ್ತೈತಂತ.”

ಮಾಲಕರು ಮುಚ್ಚಳವನ್ನು ಕೈಗೆ ತಗೊಂಡು, ಆ ಎಳೆಯನ್ನು ಉಗುರಿನಿಂದ ಬಿಡಿಸಿದರು. ಹಂಗಾದ್ರೆ ಸೋರೋ ಹಂಗೆ ಮಾಡಿದ್ದು ನಾನೇ ಅನ್ನು ಎಂದು ನಕ್ಕುಬಿಟ್ಟರು. ಆಮೇಲೆ ತಾವೇ ಸ್ಕೂಟರು ತೆಗೆದುಕೊಂಡು ಹೋಗಿ, ಬೈಕ್ ಮೆಕ್ಯಾನಿಕ್ ಬಳಿಯಿಂದ ಕಾರ್ಬೊರೇಟರಿಗೆ ಹಾಕುವ ರಬ್ಬರ್ ರಿಂಗುಗಳ ಡಬ್ಬಿಯನ್ನೇ ಹೊತ್ತು ತಂದರು. ಒಂದೊಂದಾಗಿ ಹಾಕಿ ನೋಡಿ ಸರಿಯಾದದ್ದನ್ನು ಆರಿಸಿದೆವು. ಒಂದು ದಪ್ಪವಾಗಿ ಮುಚ್ಚಳ ಕೂರಲಿಲ್ಲ, ಇನ್ನೊಂದು ಸಡಿಲ, ಕಡೆಗೆ ಕೂತದ್ದು ಹಳೆಯದರ ಮಗನೇ ಎನ್ನುವ ಹಾಗಿತ್ತು. ಮತ್ತೆ ಗಾಳಿ ತುಂಬಿದೆ. ಈ ಸಲ ಮುಚ್ಚಳವೂ ಜಾಗದಲ್ಲಿತ್ತು, ಮುಳ್ಳೂ ನಿಂತಿತು.

ಭಾನುವಾರ ಬೆಳಿಗ್ಗೆ ಕೊಳವೆಗಳನ್ನು ತೊಳೆದು ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿದೆ, ಮೇಲೆ ಎರಡು ಬೆರಳು ಜಾಗ ಬಿಟ್ಟು. ಮತ್ತೆ ಕೆಂಪು ಮಾಡಲು ಆಗುವುದಿಲ್ಲವೇ ಎಂದು ಮಾಲಕರು ಒಮ್ಮೆ ಕೇಳಿದರು. ತಿಳಿ ನೀರಾದರೆ ಒಳಗೆ ಕಸ ಸೇರಿದ್ದು ಬೇಗ ಕಾಣುತ್ತದೆ ಎಂದೆ. ಅವರು ಒಪ್ಪಿದರು, ಮನಸ್ಸಿಲ್ಲದೆ. ಕೀಲುಗಳಿಗೆಲ್ಲ ಹೊಸ ಬಿಳಿ ಬಟ್ಟೆ ಕಟ್ಟಿ, ಪಂಪು ಮಾತ್ರ ಓಡಿಸಿ ನೋಡಿ, ಆಮೇಲೆ ಪಿನ್ನು ಕಿತ್ತು ಬೋರ್ಡಿಗೆ ಪ್ಲಗ್ಗು ಕೊಟ್ಟೆ. ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು. ಫೈಲುಗಳು ಇದ್ದವು. ಗೊಂಬೆಗೆ ಪ್ಯಾಂಟು ತೊಡಿಸಿ ಬೇಕೆಂದೇ ಎಡೆಬಿಡದೆ ತಿರುಗಿಸಿದೆ, ನೀರು ಚೆನ್ನಾಗಿ ಬಿಸಿಯಾಗಲೆಂದು. ಮಧ್ಯಾಹ್ನ ದಾಟಿದರೂ ಬಟ್ಟೆಗಳು ಒಣಗಿಯೇ ಇದ್ದವು. ಆಗ ನನಗೆ ಹಸಿವಾಯಿತು.

ಉಳಿದ ಸೈಜುಗಳನ್ನು ಮಾಸ್ಟರು ಕೈಯಲ್ಲಿ ಮುಗಿಸಿದ್ದರು. ಅವನ್ನೇ ಸೋಮವಾರಕ್ಕೆ ಕತ್ತರಿಸುವುದೆಂದು ಮಾಲಕರು ಮೊದಲೇ ಹೇಳಿದ್ದರು. ನಾನು ಕಂಪ್ಯೂಟರಿನಲ್ಲೂ ಅವೇ ಸೈಜು ತೆಗೆದು, ಕಾಗದದ ಮೇಲೆ ಗೆರೆ ಎಳೆಸಿ, ಅವರ ಖಾಕಿ ಕಾಗದದ ಮೇಲಿಟ್ಟು ನೋಡಿದೆ. ನಡು ಕೂಡಿತು, ಉದ್ದ ಕೂಡಿತು. ಹಿಂಭಾಗದ ಬಾಗಿನಲ್ಲಿ ಮಾತ್ರ ಅವರ ಗೆರೆ ನನ್ನದಕ್ಕಿಂತ ಸ್ವಲ್ಪ ತುಂಬಿಕೊಂಡು ಹೋಗಿತ್ತು. ದೊಡ್ಡ ಸೈಜುಗಳಲ್ಲಿ ನಮ್ಮ ಕಡೆಯ ಹೆಂಗಸರಿಗೆ ಹಾಗೆ ಬೇಕು, ಇಲ್ಲದಿದ್ದರೆ ಕೂತಾಗ ಹಿಂದೆ ಇಳಿಯುತ್ತದೆ ಎಂದು ಮಾಸ್ಟರು ಹೇಳಿದರು. ಹೊಲಿಗೆ ಸಾಲಿನಲ್ಲಿ ಕೇಳಿದೆ. ಹೌದಂತೆ. ಸೋಮವಾರ ಬಂದ ಬಳ್ಳಾರಿಯವರು ಕಟಿಂಗನ್ನು ತಿರುವಿ ತಿರುವಿ ನೋಡಿದರು, ಹೊಲಿದ ಒಂದೆರಡು ಪೀಸನ್ನು ನಮ್ಮ ಹೆಂಗಸರಿಗೇ ತೊಡಿಸಿ ಕೂರಿಸಿ ಏಳಿಸಿ ನೋಡಿದರು, ಮಳೆಗಾಲದ ಕೆಲಸ ಕೊಟ್ಟು ಹೋದರು. ಆ ವರ್ಷ ನಮ್ಮ ಸಾಲಿನಿಂದ ಯಾರೂ ಬೆಂಗಳೂರಿಗೆ ಹೋಗಲಿಲ್ಲ.

ಸೋಮವಾರ ಬಳ್ಳಾರಿಯವರು ಹೋದ ಮೇಲೆ, ಮುಂದಿನ ಕಟಿಂಗಿಗೆ ಮಾಸ್ಟರ ಆ ಬಾಗನ್ನು ಕಂಪ್ಯೂಟರಿಗೆ ಸೇರಿಸಬೇಕೆಂದು ಕೂತೆ. ಎಷ್ಟು ಸಲ ಚುಕ್ಕೆ ಜರುಗಿಸಿದರೂ ಅವರ ಗೆರೆಯಂತೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಸ್ಟರ ಕಡೆ ತಿರುಗಿ, ನೀವೇ ಬಂದು ಎಳೆದುಕೊಡಿ ಎಂದು ಕೇಳಿಕೊಂಡೆ. ಕಾಲಿನ ಧೂಳಿನ ಮಾತು ಈ ಸಲ ಬರಲಿಲ್ಲ. ಪಂಚೆಯ ಅಂಚಿನಿಂದ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ನಾನು ಬಿಟ್ಟ ಕುರ್ಚಿಯಲ್ಲಿ ತುದಿಗೆ ಕೂತರು. ಮೌಸಿನ ಮೇಲೆ ಅವರ ಕೈ ಇಡಿಸಿ, ಯಾವ ಚುಕ್ಕೆ ಹಿಡಿದು ಎಳೆಯಬೇಕೆಂದು ತೋರಿಸಿದೆ. ಮೊದಲ ಸಲ ಗೆರೆ ತೊಡೆಯಾಚೆ ಹಾರಿಹೋಯಿತು. ಅವರು ಕೈಯನ್ನು ಬೆಂಕಿ ಮುಟ್ಟಿದವರಂತೆ ಹಿಂದೆ ತೆಗೆದರು.

“ಕೆಡ್ತೇನವ್ವ?”

“ಇಲ್ಲ ಮಾಸ್ಟ್ರೆ, ತಪ್ಪಾದ್ರೆ ಹಿಂದಕ್ಕೆ ತರಬೋದು” ಎಂದು ಕೀಬೋರ್ಡಿನ ಒಂದು ಕೀಲಿ ಒತ್ತಿ ತೋರಿಸಿದೆ. ಗೆರೆ ತನ್ನ ಜಾಗಕ್ಕೆ ಬಂದು ಕೂತಿತು.

ಅವರು ಪರದೆಯನ್ನೂ ಆ ಕೀಲಿಯನ್ನೂ ನೋಡಿದರು. ಕತ್ತರಿ ಹಿಡಿದ ಅಷ್ಟು ವರ್ಷಗಳಲ್ಲಿ ಕತ್ತರಿಸಿದ ಮೇಲೆ ಬಟ್ಟೆ ಕೂಡಿಕೊಂಡದ್ದನ್ನು ಅವರು ಕಂಡಿರಲಿಲ್ಲ.

“ಇನ್ನೊಮ್ಮೆ ಒತ್ತು” ಎಂದರು.

ಒತ್ತಿದೆ. ಆಮೇಲೆ ಅವರೇ ಒಂದು ಬೆರಳು ಚಾಚಿ ಒತ್ತಿ ನೋಡಿದರು. ಚುಕ್ಕೆ ಹಿಡಿದು ಎಳೆದರು, ಹಿಂದಕ್ಕೆ ತಂದರು, ಮತ್ತೆ ಎಳೆದರು. ಬಾಗು ಅವರ ಮುಂಗೈಗೆ ಒಗ್ಗುವವರೆಗೆ ಬಿಡಲಿಲ್ಲ. ನಾನು ಇನ್ನೊಂದು ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲಿ ಕೂತೆ.